ಮೂರು ಕೂಗು, ಒಂದು ಗುಂಡು

ವರ್ನೀಸ್ ಟಿಲ್ಮನ್ ಆಲ್ಡರ್ ಬೀದಿಗೆ ಬಂದಾಗ ಬೆಳಗಿನ ಒಂಬತ್ತು ಗಂಟೆ. ಹುಡುಗನನ್ನು ಆಂಬುಲೆನ್ಸ್ ಆಗಲೇ ಒಯ್ದಿತ್ತು. ಉಳಿದದ್ದು ಒಂದು ನೀಲಿ ಕಾರು, ಅದರ ಅರ್ಧ ಕೆರೆದ ಮುಂಗಾಜು, ಹಿಮದ ಮೇಲೆ ತಟ್ಟೆಯಗಲದ ರಕ್ತ. ರಕ್ತದಿಂದ ಒಂದು ಮಾರು ದೂರದಲ್ಲಿ ಏನೋ ಹೊಳೆಯುತ್ತಿತ್ತು.

"ಇದೇನಾ ಚಾಕು?" ಎಂದಳು ವರ್ನೀಸ್.

ಫೋಟೋ ತೆಗೆಯುತ್ತಿದ್ದವನು ತಲೆ ಎತ್ತಲಿಲ್ಲ. "ಚಾಕು ಅಲ್ಲ ಮೇಡಂ. ಗಾಜಿನ ಮೇಲಿನ ಹಿಮ ಕೆರೀತಾರಲ್ಲ, ಆ ಪಟ್ಟಿ. ಅಲಗು ಹಿತ್ತಾಳೆದು."

ಅವಳು ಮಂಡಿಯೂರಿ ನೋಡಿದಳು. ಅಂಗೈಯಗಲದ ಅಲಗು, ಹಳದಿ ಪ್ಲಾಸ್ಟಿಕ್ ಹಿಡಿ. ಏರಿ ಸರೋವರದ ದಂಡೆಯ ಈ ಊರಲ್ಲಿ ಚಳಿಗಾಲ ಬಂತೆಂದರೆ ಪ್ರತಿ ಕಾರಿನಲ್ಲೂ ಇಂಥದೊಂದು ಬಿದ್ದಿರುತ್ತದೆ. ಅವಳ ಕಾರಿನಲ್ಲೇ ಎರಡಿದ್ದವು.

ಹುಡುಗನ ಹೆಸರು ಟ್ರೆಮೇನ್ ಗಿವನ್ಸ್. ವಯಸ್ಸು ಹದಿನೈದು. ಹಿಮ ಬಿದ್ದು ಶಾಲೆಗೆ ರಜೆ. ಪಕ್ಕದ ಮನೆಯ ಮುದುಕಿಯ ಕಾರಿನ ಗಾಜು ಕೆರೆಯುತ್ತಿದ್ದ. ದಾರಿಯಲ್ಲಿ ಹೋಗುವ ಯಾರೋ ಪೊಲೀಸರಿಗೆ ಫೋನ್ ಮಾಡಿದರು—ಕಪ್ಪು ಹುಡುಗನೊಬ್ಬ ಕಾರಿನ ಗಾಜು ಒಡೆಯುತ್ತಿದ್ದಾನೆ ಎಂದು. ಇಬ್ಬರು ಪೊಲೀಸರು ಬಂದರು. ಒಂದು ಗುಂಡು ಹಾರಿತು. ಹುಡುಗನ ಎಡ ಭುಜದ ಮೂಳೆ ಪುಡಿಯಾಯಿತು. ಗುಂಡು ನಾಲ್ಕು ಬೆರಳು ಕೆಳಗೆ ತಗುಲಿದ್ದರೆ ಸುಡುಗಾಡು.

"ಬಂದ್ಯಾ ತಾಯಿ?" ಎಂದು ಹಿಂದಿನಿಂದ ದನಿ. ಸಾರ್ಜೆಂಟ್ ಡೇಲ್ ಹಾಸ್ಕೊ. ಇಪ್ಪತ್ತಾರು ವರ್ಷದ ಸರ್ವಿಸ್, ಬಿಳಿ ಮೀಸೆ, ಎಲ್ಲರಿಗೂ ಬೇಕಾದ ಮನುಷ್ಯ. "ಪಾಪ, ಗುಂಡು ಹಾರಿಸಿದ ನಮ್ಮ ಕೋಲ್ಬಿ ರೆನರ್ ಕೆಲಸಕ್ಕೆ ಸೇರಿ ಎಂಟು ತಿಂಗಳು. ಮೂರು ಸಲ ಕೂಗ್ದ, ವರ್ನೀಸ್. 'ಕೆಳಗೆ ಹಾಕು' ಅಂತ ಮೂರು ಸಲ. ಆ ಹುಡುಗ ಹಾಕ್ಲಿಲ್ಲ. ಕೈ ಎತ್ಕೊಂಡು ಮೈಮೇಲೇ ಬಂದ."

"ನೀವು?"

"ನಾನು ಹಿಂದೆ ನಿಂತಿದ್ದೆ. ತುಟಿ ಪಿಟಕ್ ಅನ್ಲಿಲ್ಲ. ಒಬ್ಬನೇ ಮಾತಾಡ್ಬೇಕು, ಅದು ನಮ್ಮ ನಿಯಮ."

"ಎದೆ ಮೇಲಿನ ಕ್ಯಾಮೆರಾ?"

"ನನ್ನದರ ಬ್ಯಾಟರಿ ಸತ್ತಿತ್ತು. ಅವನು ಗುಂಡಿ ಒತ್ತೋ ಹೊತ್ಗೆ ಎಲ್ಲಾ ಮುಗಿದೋಗಿತ್ತು."

ವರ್ನೀಸ್ ಬರೆದುಕೊಂಡಳು. ಹದಿನೆಂಟು ವರ್ಷ ಅಗ್ನಿಶಾಮಕ ಇಲಾಖೆಯಲ್ಲಿದ್ದು, ಸುಟ್ಟ ಮನೆಗಳಲ್ಲಿ ಬೆಂಕಿ ಎಲ್ಲಿ ಹೊತ್ತಿತು, ಯಾರು ಹಚ್ಚಿದರು ಎಂದು ಹುಡುಕಿದವಳು. ಈಗ ಮೂರು ವರ್ಷದಿಂದ ಪೊಲೀಸರ ಮೇಲೆ ನಾಗರಿಕರು ಕೊಡುವ ದೂರುಗಳ ತನಿಖೆ. ಯಾರಿಗೂ ಬೇಡದ ಕುರ್ಚಿ. ಪೊಲೀಸರು ಇವಳನ್ನು ಹಗೆ ಎನ್ನುತ್ತಿದ್ದರು. ಅವಳ ಸ್ವಂತ ಜನ, ಚರ್ಚಿನ ಹೆಂಗಸರು, "ನೀನು ಅವರ ಕಡೆಯವಳೇ ಬಿಡು" ಎನ್ನುತ್ತಿದ್ದರು.

*

ಆಸ್ಪತ್ರೆಯಲ್ಲಿ ಹುಡುಗನ ಬಲ ಮಣಿಕಟ್ಟಿಗೆ ಬೇಡಿ ಹಾಕಿ ಮಂಚದ ಸರಳಿಗೆ ಸಿಕ್ಕಿಸಿದ್ದರು. ಬಾಗಿಲಲ್ಲಿ ಕಾವಲು. ಆಯುಧ ಹಿಡಿದು ಪೊಲೀಸರ ಮೇಲೆ ಏರಿಹೋದ ಆರೋಪ. ಸರ್ಕಾರಿ ವಕೀಲೆ ಅವನನ್ನು ದೊಡ್ಡವರ ಕೋರ್ಟಿನಲ್ಲೇ ವಿಚಾರಿಸಬೇಕು ಎಂದು ಅರ್ಜಿ ಹಾಕುವವಳಿದ್ದಳು. ಸಾಬೀತಾದರೆ ಎಂಟೊಂಬತ್ತು ವರ್ಷ ಜೈಲು.

ಅವನ ಅಜ್ಜಿ ಅರ್ನೆಸ್ಟೀನ್ ಮೂಲೆಯಲ್ಲಿ ಕೋಟು ಕೂಡ ಬಿಚ್ಚದೆ ನಿಂತಿದ್ದಳು.

"ಕೂತ್ಕೊಳ್ಳಿ ಅಮ್ಮಾ," ಎಂದಳು ವರ್ನೀಸ್.

"ಇವನ ಕೈಯಿಂದ ಆ ಕಬ್ಬಿಣ ಬಿಚ್ಚೋವರೆಗೂ ನಾನು ಕೂರಲ್ಲ. ನೀನು ಕೇಳೋದು ಕೇಳು."

ವರ್ನೀಸ್ ಮಂಚದ ಬಳಿ ಬಗ್ಗಿದಳು. "ಏನಾಯ್ತು ಮಗಾ? ನಿಧಾನಕ್ಕೆ ಹೇಳು."

"ಗಾಜು ಕೆರೀತಿದ್ದೆ. ಬೆನ್ನ ಹಿಂದೆ ಏನೋ ಸದ್ದಾಯ್ತು. ತಿರುಗಿದೆ. ಆಮೇಲೆ ಬಿದ್ದಿದ್ದೆ."

"ಏನು ಸದ್ದು? ಮಾತಾ?"

"ಗೊತ್ತಿಲ್ಲ ಆಂಟಿ. ಟೋಪಿ ಇತ್ತು. ಒಂದು ಕಿವೀಲಿ ಹಾಡು ಹಾಕ್ಕೊಂಡಿದ್ದೆ." ಅವನು ಅಜ್ಜಿಯ ಕಡೆ ನೋಡಿದ. "ಅವರು ಮೂರು ಸಲ ಕೂಗಿದ್ರಂತೆ. ಎಲ್ಲಾರೂ ಹೇಳ್ತಿದಾರೆ, ಟೀವೀಲೂ ಹೇಳಿದ್ರು. ಕೂಗಿರ್ಬೇಕು. ನಾನೇ ಕೇಳಿಸ್ಕೊಳ್ಳಲಿಲ್ಲವೇನೋ. ಆ ಹಾಡು ಹಾಕ್ಕೊಳ್ದೆ ಇದ್ದಿದ್ರೆ..."

"ಸಾಕು ಸುಮ್ನಿರು!" ಎಂದಳು ಅಜ್ಜಿ. ಆದರೆ ಅವಳ ಕಣ್ಣಲ್ಲೂ ಅದೇ ಅನುಮಾನ ಕಂಡಿತು. ಹುಡುಗ ನಿದ್ದೆಯಿಲ್ಲದೆ ತನ್ನ ಮೇಲೆ ತಾನೇ ತೀರ್ಪು ಕೊಟ್ಟುಕೊಳ್ಳುತ್ತಿದ್ದ.

*

ಐದನೆಯ ದಿನ ಚರ್ಚಿನ ನೆಲಮಾಳಿಗೆಯಲ್ಲಿ ಊರವರ ಸಭೆ. ಕಾಫಿ ಹಂಡೆಯ ಪಕ್ಕದ ಕಂಬಕ್ಕೆ ಒರಗಿ ವರ್ನೀಸ್ ಕೇಳುತ್ತ ನಿಂತಳು.

"ಹದಿನೈದರ ಮಗು ಅದು! ಕಾಲಿಗೆ ಹೊಡೀಬಹುದಿತ್ತಲ್ಲ?"

"ಸಿನಿಮಾ ಅಂದ್ಕೊಂಡ್ರಾ? ಓಡಿ ಬರೋನ ಕಾಲಿಗೆ ಗುರಿ ಇಡೋಕಾಗುತ್ತಾ?"

"ಓಡಿ ಬರ್ಲಿಲ್ಲ, ತಿರುಗ್ದ ಅಷ್ಟೆ!"

"ಅವನು ತಿರುಗಿದ್ನೋ ಬಂದ್ನೋ, ಮೂರು ಸಲ ಹೇಳಿದ್ರೂ ಕೈಲಿರೋದು ಬಿಡ್ಲಿಲ್ಲ ಅಂದ್ರೆ ಪೊಲೀಸಿನೋರು ಏನು ಮಾಡ್ಬೇಕು? ಹೂವಿನ ಹಾರ ಹಾಕ್ಬೇಕಾ? ಅವರಿಗೂ ಹೆಂಡ್ತಿ ಮಕ್ಕಳಿಲ್ವಾ?" ಇದು ಪೊಲೀಸರ ಸಂಘದವನು.

"ನಿಮ್ಮ ಮಗನಾಗಿದ್ರೆ ಎಷ್ಟು ಸಲ ಕೂಗ್ತಿದ್ರಿ? ಮೂವತ್ತು ಸಲ ಕೂಗ್ತಿದ್ರಿ!" ಇದು ಕ್ಷೌರದಂಗಡಿಯ ಮುದುಕ.

ಚಪ್ಪಾಳೆ, ಕೂಗಾಟ. ಮೂರು ಸಾಕೇ, ಮೂವತ್ತು ಬೇಕೇ ಎಂದು ಒಂದು ಗಂಟೆ ಜಗಳ ನಡೆಯಿತು. ವರ್ನೀಸ್ ಕಾಫಿ ಲೋಟ ಕೆಳಗಿಟ್ಟಳು. ಎರಡೂ ಕಡೆಯವರು ಆ ಮೂರು ಕೂಗಿನ ಮೇಲೆಯೇ ಗೋಡೆ ಕಟ್ಟುತ್ತಿದ್ದಾರೆ. ಬುನಾದಿ ಇದೆಯೇ ಎಂದು ಯಾರೂ ನೋಡಿಲ್ಲ. ತಾನೂ ನೋಡಿಲ್ಲ!

ಮೂರು ಕೂಗಿಗೆ ಪೊಲೀಸರನ್ನು ಬಿಟ್ಟರೆ ಸಾಕ್ಷಿ ಒಬ್ಬಳೇ. ಆ ನೀಲಿ ಕಾರಿನ ಒಡತಿ, ಎಂಬತ್ತೊಂದರ ವಾಂಡಾ ಪಿಲಾರ್ಸ್ಕಿ.

*

"ಬಾಮ್ಮಾ, ಕಾಫಿ ಕುಡಿ. ಆ ಪೊಲೀಸಿನೋರು ಕುಡೀಲೇ ಇಲ್ಲ," ಎಂದಳು ಪಿಲಾರ್ಸ್ಕಿ ಅಜ್ಜಿ. "ಆ ಹುಡುಗ ನನ್ನ ಮೊಮ್ಮಗನ ಹಾಗೆ. ನನ್ನ ಕಾರು ಕೆರೆಯೋಕೆ ಹೋಗಿ ಹೀಗಾಯ್ತಲ್ಲ..."

"ಪೊಲೀಸಿನೋರು ನಿಮ್ಮನ್ನ ಏನು ಕೇಳಿದ್ರು?"

"ಕೂಗಿದ್ದು ಕೇಳಿಸ್ತಾ ಅಂದ್ರು. ಹೂಂ ಅಂದೆ. ಎಷ್ಟು ಸಲ ಅಂದ್ರು. ಮೂರು ಅಂದೆ. ಬರ್ಕೊಂಡು ಹೋದ್ರು."

"ಗುಂಡಿನ ಸದ್ದು ಹೇಗಿತ್ತು?"

"ಅದು ಕೇಳಿಸ್ಲೇ ಇಲ್ಲ ಕಣಮ್ಮ."

ವರ್ನೀಸ್ ಪೆನ್ನು ನಿಲ್ಲಿಸಿದಳು. "ಕೂಗು ಕೇಳಿಸಿದೆ. ಗುಂಡು ಕೇಳಿಸಿಲ್ಲ?"

"ನಂಗೂ ಅದೇ ಸೋಜಿಗ."

"ಕೂಗಾದ ಮೇಲೆ ಏನು ಕೇಳಿಸ್ತು?"

"ಏನೂ ಇಲ್ಲ. ಎಷ್ಟೋ ಹೊತ್ತಾದ್ಮೇಲೆ ಆಂಬುಲೆನ್ಸು."

"ಸರಿ. ಕೂಗಿಗೆ ಮುಂಚೆ?"

"ಮುಂಚೆ?" ಮುದುಕಿ ಕಣ್ಣು ಕಿರಿದಾಗಿಸಿದಳು. "ಮುಂಚೆ ಧಡ್ ಅಂತು. ಚಾವಣಿ ಮೇಲಿನ ಹಿಮದ ಗಡ್ಡೆ ಜಾರಿ ಬಿತ್ತು. ಅಯ್ಯೋ, ಕೆಳಗೆ ಹುಡುಗ ಇದಾನಲ್ಲ ಅಂತ ಏಳೋಕೆ ಹೋದೆ. ಈ ಮಂಡಿ ಏಳೋಕೆ ಬಿಡ್ಬೇಕಲ್ಲ! ಅಷ್ಟರಲ್ಲಿ ಕೂಗು ಶುರುವಾಯ್ತು."

ವರ್ನೀಸ್ ಹೊರಗೆ ಬಂದು ಚಾವಣಿ ನೋಡಿದಳು. ಆರು ದಿನದಿಂದ ಹೊಸ ಹಿಮ ಬಿದ್ದಿರಲಿಲ್ಲ, ಇದ್ದದ್ದು ಬಿಸಿಲಿಗೂ ಕರಗದಂಥ ಚಳಿ. ಮೇಲೆ ಹಿಮ ಹಾಸಿದ ಹಾಗೇ ಇತ್ತು, ಬೆಣ್ಣೆ ಸವರಿದಂತೆ. ಸೂರಿನಂಚಿನಲ್ಲಿ ಇಳಿಬಿದ್ದ ಮಂಜಿನ ಮೊಳೆಗಳಲ್ಲಿ ಒಂದೂ ಮುರಿದಿರಲಿಲ್ಲ.

ಚಾವಣಿಯಿಂದ ಏನೂ ಬಿದ್ದಿರಲಿಲ್ಲ. ಮುದುಕಿ ಕೇಳಿದ್ದೇ ಗುಂಡು. ಹಾಗಾದರೆ ಮೊದಲು ಗುಂಡು, ಆಮೇಲೆ ಕೂಗು!

ಆದರೆ ಎಂಬತ್ತೊಂದರ ಕಿವಿಯನ್ನು ವಕೀಲರು ಎರಡೇ ಪ್ರಶ್ನೆಯಲ್ಲಿ ಕೆಡವಿ ಹಾಕುತ್ತಾರೆ. ಇನ್ನೊಂದು ಸಾಕ್ಷಿ ಬೇಕು. ಎಲ್ಲಿದೆ?

*

ಪೊಲೀಸರ ಪಟ್ಟಿಯ ಕೊನೆಯಲ್ಲಿ ಒಂದು ಸಾಲಿತ್ತು. "ಎದುರಿನ ಬಟ್ಟೆ ಒಗೆಯುವ ಅಂಗಡಿಯ ಕ್ಯಾಮೆರಾ. ವ್ಯಾನ್ ಅಡ್ಡ ಇರುವುದರಿಂದ ಹುಡುಗ ಕಾಣುವುದಿಲ್ಲ. ಧ್ವನಿ ಇಲ್ಲ. ಉಪಯೋಗವಿಲ್ಲ."

ವರ್ನೀಸ್ ಆ ಉಪಯೋಗವಿಲ್ಲದ ವಿಡಿಯೋ ತರಿಸಿ ನೋಡಿದಳು. ನಿಜ. ಹುಡುಗನೂ ಇಲ್ಲ, ಕಾರೂ ಇಲ್ಲ. ಬೀದಿಯ ಆಚೆ ಇಬ್ಬರು ಪೊಲೀಸರು ಪಕ್ಕದಿಂದ ಕಾಣುತ್ತಾರೆ. ಮುಂದೆ ರೆನರ್, ಒಂದು ಹೆಜ್ಜೆ ಹಿಂದೆ ಹಾಸ್ಕೊ. ಸರೋವರದ ಕಡೆಯಿಂದ ಎಳೆಬಿಸಿಲು ಅವರ ಬೆನ್ನಿಗೆ. ರೆನರನ ಕೈ ಒಮ್ಮೆ ಹಾರಿ ಇಳಿಯುತ್ತದೆ. ಅಷ್ಟೆ.

ಮತ್ತೆ ನೋಡಿದಳು. ಹತ್ತು ಸಲ ನೋಡಿದಳು. ಹನ್ನೊಂದನೆಯ ಸಲ ಬೆನ್ನು ನೆಟ್ಟಗಾಯಿತು.

ಎದ್ದು ಕೋಟು ಹಾಕಿಕೊಂಡು ಕಚೇರಿಯ ಹಿಂದಿನ ಅಂಗಳಕ್ಕೆ ಹೋದಳು. ಸೂರ್ಯನಿಗೆ ಬೆನ್ನು ಮಾಡಿ ನಿಂತು, ಫೋನಿನ ಕ್ಯಾಮೆರಾ ಗೋಡೆಗೊರಗಿಸಿ, ಎದೆ ತುಂಬ ಗಾಳಿ ಎಳೆದುಕೊಂಡು ಕೂಗಿದಳು—

"ಕೆಳಗೆ ಹಾಕು!"

ಗೇಟಿನಲ್ಲಿ ಬರುತ್ತಿದ್ದ ಅಂಚೆಯವನು ಕೈಲಿದ್ದ ಕಟ್ಟುಗಳನ್ನೆಲ್ಲ ದಬದಬ ಕೆಳಗೆ ಹಾಕಿ ಎರಡೂ ಕೈ ಮೇಲೆತ್ತಿದ.

"ಅಯ್ಯೋ, ನಿಮಗಲ್ಲಪ್ಪಾ!"

"ಮತ್ತ್ಯಾರಿಗೆ ತಾಯೀ? ಇಲ್ಲಿ ನಾನೊಬ್ಬನೇ ಇರೋದು!"

ಇಬ್ಬರೂ ಸೇರಿ ಹಿಮದಲ್ಲಿ ಬಿದ್ದ ಕಾಗದಗಳನ್ನು ಆರಿಸಿದರು. ಆರು ದಿನದಲ್ಲಿ ವರ್ನೀಸ್ ನಕ್ಕದ್ದು ಅದೇ ಮೊದಲು.

*

ಮರುದಿನ ರೆನರ್ ಅವಳ ಮೇಜಿನೆದುರು ಕುಳಿತ. ಪಕ್ಕದಲ್ಲಿ ಸಂಘದ ವಕೀಲ. ರೆನರ್ ಇಪ್ಪತ್ತೈದು ವರ್ಷದ ಹುಡುಗ, ಗಡ್ಡ ಬೋಳಿಸಿರಲಿಲ್ಲ.

"ನೀವು ಕೂಗಿದ್ದು ನೆನಪಿದೆಯಾ?"

"ಇದೆ ಮೇಡಂ. ಗಂಟಲು ಉರೀತಿತ್ತು."

"ಗುಂಡಿಗೆ ಮುಂಚೆ ಕೂಗಿದ್ರಾ, ಆಮೇಲಾ?"

"ಮುಂಚೆ. ಮುಂಚೆ ಅಂತ... ಸಾರ್ಜೆಂಟ್ ಹೇಳಿದ್ರು."

"ಯಾವಾಗ ಹೇಳಿದ್ರು?"

"ಕಾರಲ್ಲಿ. ನಂಗೆ ಏನೂ ನೆನಪಾಗ್ತಿರ್ಲಿಲ್ಲ. 'ಹೆದರ್ಬೇಡ ಕಣೋ, ಮೂರು ಸಲ ಕೂಗಿದೀಯ, ನಾನೇ ಕೇಳಿದೀನಿ' ಅಂದ್ರು."

"ಇನ್ನು ಉತ್ತರ ಕೊಡ್ಬೇಡಿ," ಎಂದ ವಕೀಲ.

"ಒಂದೇ ಪ್ರಶ್ನೆ," ಎಂದಳು ವರ್ನೀಸ್. "ಅವನ ಕೈಲಿದ್ದದ್ದು ಹಿತ್ತಾಳೆ ಪಟ್ಟಿ. ನೀವೂ ದಿನಾ ಹಿಡಿಯೋ ವಸ್ತು. ಅದು ಚಾಕು ಅಂತ ನಿಮಗೆ ನೋಡಿ ಗೊತ್ತಾಯ್ತಾ—ಇಲ್ಲಾ, ಕೇಳಿ ಗೊತ್ತಾಯ್ತಾ?"

ರೆನರನ ಮುಖದ ರಕ್ತ ಇಳಿದುಹೋಯಿತು. ವಕೀಲ ಅವನ ತೋಳು ಹಿಡಿದು ಎಬ್ಬಿಸಿಕೊಂಡು ಹೋದ.

*

ಒಂಬತ್ತನೆಯ ದಿನ ಬೆಳಿಗ್ಗೆ ನಗರಸಭೆಯ ಕೋಣೆಯಲ್ಲಿ ವಿಚಾರಣೆ. ಪೊಲೀಸ್ ಮುಖ್ಯಸ್ಥ, ಸರ್ಕಾರಿ ವಕೀಲೆ, ಹಾಸ್ಕೊ, ರೆನರ್, ಅವನ ಪಕ್ಕ ಸಂಘದ ವಕೀಲ, ಬಾಗಿಲ ಬಳಿ ನಿಂತೇ ಇದ್ದ ಅರ್ನೆಸ್ಟೀನ್. ವರ್ನೀಸ್ ಪರದೆಯ ಮೇಲೆ ವಿಡಿಯೋ ಹಾಕಿದಳು.

"ಇದರಲ್ಲಿ ಹುಡುಗನೇ ಇಲ್ಲವಲ್ಲ," ಎಂದಳು ವಕೀಲೆ. "ಶಬ್ದವೂ ಇಲ್ಲ."

"ಅದಕ್ಕೇ ಯಾರೂ ನೋಡಲಿಲ್ಲ. ನಾವೆಲ್ಲಾ ಹುಡುಗ ಏನು ಮಾಡಿದ ಅಂತಲೇ ಹುಡುಕ್ತಿದ್ವಿ. ಒಂದು ಸಲ ಈ ಇಬ್ಬರ ಬಾಯಿ ನೋಡಿ."

ವಿಡಿಯೋ ನಿಧಾನವಾಗಿ ಸರಿಯಿತು. ಆ ಬೆಳಿಗ್ಗೆ ಸೊನ್ನೆಗಿಂತ ಹನ್ನೆರಡು ಡಿಗ್ರಿ ಕೆಳಗಿನ ಚಳಿ. ಹಿಂದಿನಿಂದ ಬಿದ್ದ ಬಿಸಿಲಲ್ಲಿ ಇಬ್ಬರ ಉಸಿರೂ ಬಿಳಿ ಹೊಗೆಯಂತೆ ಹೊಳೆಯುತ್ತಿತ್ತು. ಸಣ್ಣ ಸಣ್ಣ ಎಳೆ. ಬರುತ್ತದೆ, ಕರಗುತ್ತದೆ.

"ನಾನು ಅರ್ಧ ಆಯುಸ್ಸು ಹೊಗೆ ನೋಡ್ಕೊಂಡೇ ಬದುಕಿದವಳು," ಎಂದಳು ವರ್ನೀಸ್. "ಸುಮ್ಮನೆ ಉಸಿರಾಡಿದ್ರೆ ಹೊಗೆ ಇಷ್ಟೇ. ಕೂಗಿದ್ರೆ ಮೊಳದುದ್ದ ನುಗ್ಗುತ್ತೆ. ಅನುಮಾನ ಇದ್ರೆ ನಾನು ಕೂಗಿದ ವಿಡಿಯೋನೂ ಇದೆ, ತೋರಿಸ್ತೀನಿ. ಈಗ ರೆನರನ್ನ ನೋಡಿ. ಕಾರಿಂದ ಇಳಿದ. ಸಣ್ಣ ಎಳೆ... ಸಣ್ಣ ಎಳೆ... ಇಲ್ಲಿ ಕೈ ಹಾರಿತು. ಇದು ಗುಂಡು. ಅಲ್ಲೀವರೆಗೆ ಒಂದಾದ್ರೂ ಕೂಗು ಇದೆಯಾ?"

ಸರ್ಕಾರಿ ವಕೀಲೆ ಪರದೆಯ ಕಡೆಗೆ ಬಗ್ಗಿದಳು.

"ಗುಂಡು ಆದ್ಮೇಲೆ ನೋಡಿ. ಒಂದು. ಎರಡು. ಮೂರು."

ರೆನರನ ಬಾಯಿಂದ ಮೂರು ದಟ್ಟ ಮೋಡಗಳು ಹೊರಬಿದ್ದವು.

"ಪಿಲಾರ್ಸ್ಕಿ ಅಜ್ಜಿ ಮೂರು ಕೂಗು ಕೇಳಿದ್ದು ಸತ್ಯ. ಅದಕ್ಕೆ ಮುಂಚೆ ಚಾವಣಿಯಿಂದ ಏನೋ ಧಡ್ ಅಂತ ಬಿತ್ತು ಅಂದ್ರು. ಏನೂ ಬಿದ್ದಿಲ್ಲ, ನಾನೇ ನೋಡಿದೀನಿ. ಅದೇ ಗುಂಡು. ಹುಡುಗ ಕೆಳಗೆ ಬಿದ್ದ ಮೇಲೆ ಅವನಿಗೆ 'ಕೆಳಗೆ ಹಾಕು' ಅಂತ ಕೂಗಿದಾರೆ."

ಬಾಗಿಲ ಬಳಿಯಿಂದ ಅರ್ನೆಸ್ಟೀನ್ ಎರಡು ಹೆಜ್ಜೆ ಮುಂದೆ ಬಂದಳು.

"ಹಾಗಾದ್ರೆ ರೆನರ್ ಸುಳ್ಳು ಹೇಳಿದ್ದಾನೆ," ಎಂದ ಪೊಲೀಸ್ ಮುಖ್ಯಸ್ಥ.

"ಇಲ್ಲ ಸಾರ್. ಅವನು ನಂಬಿದ್ದನ್ನ ಹೇಳಿದ. ನಂಬಿಸಿದವರು ಬೇರೆ." ಅವಳು ವಿಡಿಯೋ ಹಿಂದಕ್ಕೆ ಓಡಿಸಿದಳು. "ಗುಂಡಿಗೆ ಕಣ್ಣು ಮಿಟುಕೋವಷ್ಟು ಮುಂಚೆ. ಈಗ ಹಿಂದೆ ನಿಂತವರನ್ನ ನೋಡಿ."

ಹಾಸ್ಕೊನ ಬಿಳಿ ಮೀಸೆಯ ಕೆಳಗಿಂದ ಒಂದೇ ಒಂದು ಮೊಳದುದ್ದದ ಹೊಗೆ ನುಗ್ಗಿತು. ಮರುಕ್ಷಣ ರೆನರನ ಕೈ ಹಾರಿತು.

"ಗುಂಡಿಗೆ ಮುಂಚೆ ಆ ಬೀದೀಲಿ ಬಾಯಿ ತೆರೆದವರು ಒಬ್ಬರೇ. ಸಾರ್ಜೆಂಟ್ ಹಾಸ್ಕೊ."

ಹಾಸ್ಕೊ ನಕ್ಕ. "ಉಸಿರಿಗೆ ಅಕ್ಷರ ಇರುತ್ತೇನಮ್ಮಾ? ಕೆಮ್ಮಿರಬಹುದು ನಾನು."

"ಉಸಿರಿಗೆ ಅಕ್ಷರ ಇಲ್ಲ. ಆದ್ರೆ ಹುಡುಗ ಬೆನ್ನ ಹಿಂದೆ ಸದ್ದು ಕೇಳಿ ತಿರುಗಿದ. ಕೆಮ್ಮಿಗೆ ಯಾರಾದ್ರೂ ಗುಂಡು ಹಾರಿಸ್ತಾರಾ ಡೇಲ್?"

ಕುರ್ಚಿ ಸರಿದ ಸದ್ದು. ರೆನರ್ ಎದ್ದು ನಿಂತಿದ್ದ. ವಕೀಲ ಎಳೆದ ಕೈಯನ್ನು ಕೊಡವಿಕೊಂಡ.

"'ಚಾಕು!' ಅಂದ್ರಿ ಸಾರ್," ಎಂದ. "'ಚಾಕು, ಹೊಡಿ!' ಅಂದ್ರಿ. ನನ್ನ ತಲೆಯೊಳಗೇ ಹುಟ್ಟಿದ ಮಾತು ಅಂದ್ಕೊಂಡಿದ್ದೆ. ಒಂಬತ್ತು ದಿನದಿಂದ ಹುಚ್ಚು ಹಿಡೀತಿದೆ ಅಂದ್ಕೊಂಡಿದ್ದೆ. ಅದು ನಿಮ್ಮ ದನಿ. ನಾನು ಏನೂ ನೋಡ್ಲಿಲ್ಲ. ನೀವು ಹೇಳಿದ್ರಿ, ನಾನು ಹೊಡೆದೆ."

ಹಾಸ್ಕೊ ರೆನರನ ಕಡೆಗಲ್ಲ, ವರ್ನೀಸಳ ಕಡೆ ತಿರುಗಿದ.

"ಚಾಕು ಥರಾನೇ ಕಾಣ್ತು ವರ್ನೀಸ್. ದೇವರಾಣೆಗೂ."

"ನಂಬ್ತೀನಿ," ಎಂದಳು ಅವಳು. "ಕಣ್ಣು ಯಾರಿಗಾದ್ರೂ ಮೋಸ ಮಾಡುತ್ತೆ. ಆದ್ರೆ ಗುಂಡಾದ್ಮೇಲೆ ಹುಡುಗನ ಕಡೆ ಹತ್ತು ಹೆಜ್ಜೆ ಇಡೋದ್ರಲ್ಲೇ ಅದು ಕೆರೆಯೋ ಪಟ್ಟಿ ಅಂತ ನಿಮಗೆ ಗೊತ್ತಾಯ್ತು. ಆಗಲೇ ಹೇಳಬಹುದಿತ್ತು. ನಿಮ್ಮ ಒಂದು ಮಾತು ಮುಚ್ಚಿಡೋಕೆ ಇವನ ಬಾಯಿಗೆ ಮೂರು ಮಾತು ತುರುಕಿದ್ರಿ. ಆ ಮೂರು ಮಾತಿಗೆ ಒಂದು ಮಗು ಮಂಚಕ್ಕೆ ಬೇಡಿ ಬಿಗಿಸ್ಕೊಂಡು ಮಲಗಿದೆ."

ಸರ್ಕಾರಿ ವಕೀಲೆ ತನ್ನ ಮುಂದಿದ್ದ ಅರ್ಜಿಯನ್ನು ಎರಡು ಮಡಿಕೆ ಮಾಡಿದಳು. ಕೋಟಿನ ಜೇಬಿಗೆ ಹಾಕಿಕೊಂಡು ಫೋನ್ ಎತ್ತಿದಳು.

*

ಮಧ್ಯಾಹ್ನ ಮೂರರ ಹೊತ್ತಿಗೆ ಆರೋಪ ಹಿಂದೆಗೆದ ಕಾಗದ ಆಸ್ಪತ್ರೆಗೆ ಬಂತು. ಹಾಸ್ಕೊನ ಬಿಲ್ಲೆ ಕಿತ್ತುಕೊಂಡಿದ್ದರು. ಸುಳ್ಳು ಸಾಕ್ಷ್ಯದ ಮೊಕದ್ದಮೆ ನಾಳೆಯಿಂದ. ಬೇರೊಬ್ಬನ ಬಾಯಿಮಾತಿಗೆ ಗುಂಡು ಹಾರಿಸುವ ಬೆರಳಿಗೆ ಏನು ಶಿಕ್ಷೆ ಎಂಬ ಪ್ರಶ್ನೆ ಇನ್ನೂ ಉಳಿದಿತ್ತು. ಚರ್ಚಿನ ನೆಲಮಾಳಿಗೆಯಲ್ಲಿ ಆ ವಾದ ಬೇಸಿಗೆಯವರೆಗೂ ನಡೆಯುವಂತಿತ್ತು. ನಡೆಯಲಿ ಎಂದುಕೊಂಡಳು ವರ್ನೀಸ್. ಈ ಸಲ ನಿಜ ಏನೆಂದು ತಿಳಿದು ಜಗಳವಾಡುತ್ತಾರೆ.

ಕಾವಲಿನವನು ಬೇಡಿ ಬಿಚ್ಚಿದ. ಟ್ರೆಮೇನ್ ಮಣಿಕಟ್ಟು ಮೇಲೆತ್ತಿ, ಅತ್ತಿತ್ತ ತಿರುಗಿಸಿ, ಮೊದಲು ಮೂಗು ತುರಿಸಿಕೊಂಡ.

"ಒಂಬತ್ತು ದಿನದಿಂದ ತುರಿಸ್ತಿತ್ತು," ಎಂದ. ಆಮೇಲೆ ವರ್ನೀಸಳ ಕಡೆ ನೋಡಿದ. "ಆಂಟಿ, ನಿಜ ಹೇಳಿ. ಅವರು ಕೂಗ್ಲೇ ಇಲ್ವಾ?"

"ಕೂಗಿದ್ರು. ನೀನು ಬಿದ್ದ ಮೇಲೆ."

"ಮುಂಚೆ?"

"ಮುಂಚೆ ನಿಂಗೆ ಯಾರೂ ಏನೂ ಹೇಳ್ಲಿಲ್ಲ ಮಗಾ. ಕೇಳಿಸ್ಕೊಳ್ಳೋಕೆ ಅಲ್ಲಿ ಏನೂ ಇರ್ಲಿಲ್ಲ."

ಹುಡುಗ ಪಕ್ಕದಲ್ಲಿದ್ದ ಊಟದ ತಟ್ಟೆಯಿಂದ ಚಮಚ ಎತ್ತಿಕೊಂಡ. "ಹಂಗಾದ್ರೆ ನಂದೇನೂ ತಪ್ಪಿರ್ಲಿಲ್ಲ," ಎಂದ. ಪ್ರಶ್ನೆಯೂ ಅಲ್ಲ, ಉತ್ತರವೂ ಅಲ್ಲ. ನೆಟ್ಟಗಿದ್ದ ಕತ್ತು ದಿಂಬಿಗೆ ಸೋತು ಬಿತ್ತು. ಚಮಚ ಕೈಲಿ ಹಿಡಿದ ಹಾಗೇ ನಿದ್ದೆ ಹೋದ.

ಅರ್ನೆಸ್ಟೀನ್ ಅವನ ಬೆರಳುಗಳಿಂದ ಮೆಲ್ಲಗೆ ಚಮಚ ಬಿಡಿಸಿಕೊಂಡಳು. ಕೋಟು ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕಿ, ಕುಳಿತು, ಅವನ ಊಟದ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡಳು.

"ಆಸ್ಪತ್ರೆಯೋರಿಗೆ ಮ್ಯಾಕರೋನಿ ಮಾಡೋಕೇ ಬರಲ್ಲ," ಎಂದಳು. "ಉಪ್ಪಿಲ್ಲ, ಚೀಸಿಲ್ಲ."

ಎಂದವಳು ತಟ್ಟೆ ಬಳಿದು ಖಾಲಿ ಮಾಡುವವರೆಗೂ ತಲೆ ಎತ್ತಲಿಲ್ಲ.